ಕಸರಾನಿ ಟೀಚರ ಬಿಳಿ ಉಂಗುರ

ನೈರೋಬಿಯ ವೆಸ್ಟ್‌ಲ್ಯಾಂಡ್ಸಿನ ಒಡವೆ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ನಗೆಪಾಟಲಾದೆ. ಗಿಗಿರಿಯ ಯಾವುದೋ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದು, ಬಿಳಿ ಚಿನ್ನದ ಸರ ತೋರಿಸಿ ಎಂದರು. ನಾನು ಬಲು ವಿನಯದಿಂದ ಬೆಳ್ಳಿ ಸರಗಳ ತಟ್ಟೆಯನ್ನು ತೆಗೆದು ಅವರ ಮುಂದಿಟ್ಟೆ. ಅವರು ಒಂದು ಸರ ಎತ್ತಿ ನೋಡಿದರು, ನನ್ನ ಮುಖ ನೋಡಿದರು, ನಕ್ಕು ಹೊರಟುಹೋದರು. ಬಿಳಿ ಚಿನ್ನ ಅಂದರೆ ಬೆಳ್ಳಿಗೇ ಶ್ರೀಮಂತರು ಇಟ್ಟುಕೊಂಡ ಮರ್ಯಾದೆಯ ಹೆಸರು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಅದಕ್ಕೆ ಕಾರಣವಿಲ್ಲದೆ ಇಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಬಿಳಿ ಲೋಹವೆಂದರೆ ಬೆಳ್ಳಿ ಒಂದೇ. ದೇವರ ಮುಂದಿನ ಎರಡು ದೀಪ, ಕುಂಕುಮದ ಭರಣಿ, ನಾಮಕರಣಕ್ಕೆ ಬಂದ ಲೋಟ, ತಮ್ಮನ ಉಡಿದಾರ, ಅಮ್ಮನ ಕಾಲುಂಗುರ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮ ಹಳೆಯ ಪಂಚೆ ಹಾಸಿಕೊಂಡು, ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ಒಂದೊಂದನ್ನೇ ಉಜ್ಜುತ್ತಿದ್ದಳು. ಕಪ್ಪಾಗುವುದು ಬೆಳ್ಳಿ, ಕಪ್ಪಾಗದ್ದು ಸ್ಟೀಲು. ನನ್ನ ಲೋಹಜ್ಞಾನ ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ಗಂಡ ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರು. ನಾವು ನೈರೋಬಿಗೆ ಬಂದು ಮೂರು ವರ್ಷವಾಗಿತ್ತು. ಮಗಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ದೇವಸ್ಥಾನದಲ್ಲಿ ಪರಿಚಯವಾದ ಒಬ್ಬ ಗುಜರಾತಿ ಹೆಂಗಸು, ಮೂರು ತಲೆಮಾರಿನಿಂದ ಇದೇ ಊರಲ್ಲಿ ಇರುವವರು, ಒಂದು ದಿನ ಪ್ರಸಾದ ತಿನ್ನುತ್ತಾ, "ನಮ್ಮ ಅಂಗಡಿ ಕೌಂಟರಿಗೆ ಬರ್ತೀರಾ? ನಂಬಿಕೆಯವರು ಬೇಕು," ಅಂದರು. ಕೆಲಸದ ಪರವಾನಗಿ ಕೈಗೆ ಬರಲು ಹಲವು ತಿಂಗಳು ಹಿಡಿಯಿತು. ಆಮೇಲೆ ಹೋದೆ. ಅವರನ್ನು ಎಲ್ಲರೂ ಬೆನ್ ಎನ್ನುತ್ತಿದ್ದರು, ಗುಜರಾತಿಯಲ್ಲಿ ಅಕ್ಕ ಎಂದ ಹಾಗೆ. ನಾನೂ ಹಾಗೇ ಕರೆದೆ.

ಅಂಗಡಿ ಮುಂದೆ, ಕಾರ್ಯಾಗಾರ ಹಿಂದೆ. ನಡುವೆ ಒಂದು ಕಿಟಕಿ. ಗಿಗಿರಿಯ ಹೆಂಗಸು ನಕ್ಕುಹೋದ ದಿನ ಆ ಕಿಟಕಿಯಿಂದ ಒಂದು ದನಿ ಕೇಳಿತು.

"ದಾದಾ, ಒಂದ್ನಿಮಿಷ ಒಳಗೆ ಬಾ."

ನಾನು ಬೆಚ್ಚಿದೆ. ನಮ್ಮ ಕಡೆ ದಾದಾ ಅಂದರೆ ರೌಡಿ. ಸ್ವಾಹಿಲಿಯಲ್ಲಿ ಅದು ಅಕ್ಕ ಅಥವಾ ತಂಗಿ ಎಂದು ಬೆನ್ ನಗುತ್ತಾ ಹೇಳಿಕೊಟ್ಟರು. ಕರೆದವರು ಅಂಗಡಿಯ ಮುಖ್ಯ ಕಾರೀಗರರು. ದೊಡ್ಡ ಸರೋವರದ ಕಡೆಯ ಊರಿನವರು, ಆಗಲೇ ಅರವತ್ತರ ಹತ್ತಿರ. ಹದಿಹರೆಯದಲ್ಲಿ ಬೆನ್ ಅವರ ಮಾವನ ಪಕ್ಕ ಕುಳಿತು ಚಿನ್ನದ ಕೆಲಸ ಕಲಿತು, ಮತ್ತೆ ಬೇರೆಲ್ಲೂ ಹೋಗಿರಲಿಲ್ಲ. ಹಿರಿಯರನ್ನು ಇಲ್ಲಿ ಮ್ಝೇ ಎನ್ನುತ್ತಾರೆ. ಅವರನ್ನು ನಾನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಅವರ ಮಾತು ಸ್ವಾಹಿಲಿ, ಇಂಗ್ಲಿಷ್, ಗುಜರಾತಿ ಮೂರನ್ನೂ ಕಲೆಸಿದ್ದು. ಬೆಳ್ಳಿಗೆ ಅವರು ಚಾಂದಿ ಎಂದೇ ಅನ್ನುತ್ತಿದ್ದರು. ಆದರೆ ವಿಚಿತ್ರವೆಂದರೆ, ಇಂದು ನೆನೆದರೆ ಅವರು ಆಡಿದ್ದೆಲ್ಲ ನನ್ನ ಕಿವಿಯಲ್ಲಿ ಕನ್ನಡದಲ್ಲೇ ಕೇಳಿಸುತ್ತದೆ.

ಅಂದು ಅವರು ನನ್ನ ಅಂಗೈ ಚಾಚಿಸಿ, "ಕಣ್ಣು ಮುಚ್ಚು," ಎಂದರು. ಒಂದಾದ ಮೇಲೆ ಒಂದು ಮೂರು ಪುಟ್ಟ ಪಟ್ಟಿಗಳನ್ನು ಇಟ್ಟು ತೆಗೆದರು. ಮೂರೂ ಒಂದೇ ಉದ್ದ, ಒಂದೇ ದಪ್ಪ. ಮೊದಲನೆಯದು ಹಗುರ. ಎರಡನೆಯದು ಅದಕ್ಕಿಂತ ಭಾರ. ಮೂರನೆಯದನ್ನು ಇಟ್ಟಾಗ ನನ್ನ ಕೈ ತಾನಾಗಿ ಒಂದಿಷ್ಟು ಕೆಳಗಿಳಿಯಿತು.

"ಮೊದಲ್ನೇದು ಚಾಂದಿ. ಎರಡ್ನೇದು ಬಿಳಿ ಚಿನ್ನ. ಮೂರ್ನೇದು ಪ್ಲಾಟಿನಂ," ಎಂದರು. "ಈಗ ಕಣ್ಣು ಬಿಟ್ಟು ನೋಡು."

ನೋಡಿದೆ. ಮೂರೂ ಬಿಳಿಯೇ. ಯಾವುದು ಯಾವುದೆಂದು ಹೇಳಲಾಗಲಿಲ್ಲ.

"ಅದಕ್ಕೇ ಹೇಳಿದ್ದು. ಬಿಳೀದನ್ನ ಕೈಯಲ್ಲಿ ನೋಡ್ಬೇಕು."

ಅಲ್ಲಿಂದ ಮುಂದೆ ದಿನವೂ ಹತ್ತೂವರೆಯ ಚಹಾಕ್ಕೆ ನಾನು ಕಿಟಕಿಯ ಆಚೆಗೆ ಹೋಗುತ್ತಿದ್ದೆ. ಬೀದಿಯಿಂದ ತಂದ ಬಿಸಿ ಮಂದಾಜಿ ಇರುತ್ತಿತ್ತು, ನಮ್ಮ ಸಿಹಿ ಬನ್ಸಿನ ದೂರದ ನೆಂಟ. ತಿನ್ನುವಾಗ ಮ್ಝೇ ಒಂದೊಂದೇ ವಿಷಯ ಹೇಳುತ್ತಿದ್ದರು. ಅಪ್ಪಟ ಬೆಳ್ಳಿ ಉಂಗುರಕ್ಕೆ ಬಾರದು, ಒತ್ತಿದರೆ ಬಾಗುತ್ತದೆ. ಸಾವಿರಕ್ಕೆ ಎಪ್ಪತ್ತೈದು ಪಾಲು ತಾಮ್ರ ಬೆರೆತರೇ ಅದು ನಿಲ್ಲುವುದು, ಆದ್ದರಿಂದಲೇ ಒಳಗಡೆ 925 ಎಂಬ ಮುದ್ರೆ. ಪ್ಲಾಟಿನಂ ಹಟಮಾರಿ, ಚಿನ್ನ ಕರಗುವ ಬೆಂಕಿಗೆ ಅದು ಜಗ್ಗುವುದಿಲ್ಲ. ಅದನ್ನು ಕರಗಿಸುವಾಗ ಅವರು ಕಪ್ಪು ಕನ್ನಡಕ ಹಾಕಿಕೊಂಡು, ನಮ್ಮನ್ನೆಲ್ಲ ಆಚೆ ಕಳಿಸುತ್ತಿದ್ದರು. ಬಿಳಿ ಚಿನ್ನ ಚಿನ್ನವೇ. ಮುಕ್ಕಾಲು ಪಾಲು ಹಳದಿ ಚಿನ್ನ, ಉಳಿದ ಕಾಲು ಪಾಲು ಅದನ್ನು ಬೆಳ್ಳಗೆ ಮಾಡುವ ಲೋಹ. ಪಲ್ಲಾಡಿಯಂ ಹಾಕಿದರೆ ತುಸು ಬೂದು ಛಾಯೆ, ಬೆಲೆ ಹೆಚ್ಚು. ನಿಕ್ಕಲ್ ಹಾಕಿದರೆ ಗಟ್ಟಿ, ಆದರೆ ಕೆಲವರಿಗೆ ಬೆರಳು ಕೆರೆಯುತ್ತದೆ. ಏನು ಹಾಕಿದರೂ ಚಿನ್ನದ ಹಳದಿ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ರೋಡಿಯಂ ಎಂಬ ಇನ್ನೊಂದು ಬಿಳಿ ಲೋಹದ ನೀರಿನಲ್ಲಿ ಅದ್ದಿ, ಕರೆಂಟು ಹಾಯಿಸಿ, ಒಂದು ತೆಳುವಾದ ಹೊದಿಕೆ ಕೊಡುತ್ತಾರೆ. ಕನ್ನಡಿಯಂತೆ ಹೊಳೆಯುವ ಬಿಳುಪು ಆ ಹೊದಿಕೆಯದು. ಹಾಕಿಕೊಂಡು ಹಾಕಿಕೊಂಡು ಅದು ಸವೆಯುತ್ತದೆ, ಪಾಲಿಶ್ ಹಾಕಿದರಂತೂ ಒಂದೇ ಸಲಕ್ಕೆ ಹೋಗುತ್ತದೆ. ಆ ಜೇನುಬಣ್ಣದ ನೀರಿನ ಬಾಟಲಿಯನ್ನು ಬೆನ್ ಚಿನ್ನದ ಜೊತೆಗೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಒಂದು ದಿನ ಮ್ಝೇ ನನ್ನ ಕಾಲು ನೋಡಿ, "ಅದೇನು, ಕಾಲಿಗೂ ಉಂಗುರಾನಾ?" ಎಂದು ಕೇಳಿದರು. ನಮ್ಮಲ್ಲಿ ಮದುವೆಯಾದವರು ಹಾಕಿಕೊಳ್ಳುತ್ತಾರೆ, ಬೆಳ್ಳಿಯದು ಎಂದೆ. ಬಿಚ್ಚಿಕೊಡು ಎಂದು ಇಸಿದುಕೊಂಡು, ಒರೆಗಲ್ಲಿಗೆ ತೀಡಿ, ಒಂದು ಹನಿ ಆಸಿಡ್ ಬಿಟ್ಟು ನೋಡಿ ತಲೆಯಾಡಿಸಿದರು. ಮದುವೆಯಲ್ಲಿ ಕೊಟ್ಟದ್ದು ಸವೆದು ಹೋಗಿ, ಊರಿಗೆ ಹೋದಾಗ ರಸ್ತೆ ಬದಿಯಲ್ಲಿ ಕೊಂಡ ಜೊತೆ ಅದು. ಜರ್ಮನ್ ಸಿಲ್ವರ್, ಅಂದರೆ ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಬೆಳ್ಳಿ ಇರುವುದು ಹೆಸರಿನಲ್ಲಿ ಮಾತ್ರ. ನನಗೆ ಮುಖ ಸಣ್ಣದಾಯಿತು. ಮುಂದಿನ ವಾರ ಮ್ಝೇ ಅದೇ ಅಳತೆಗೆ, ಅದೇ ಮೂರು ಸುತ್ತಿನ ಕಾಲುಂಗುರಗಳನ್ನು ನಿಜವಾದ ಬೆಳ್ಳಿಯಲ್ಲಿ ಮಾಡಿಕೊಟ್ಟರು. ಕಾಲಿಗೆ ಉಂಗುರ ಮಾಡಿದ್ದು ಜೀವಮಾನದಲ್ಲಿ ಇದೇ ಮೊದಲು ಎಂದು ಬಂದವರಿಗೆಲ್ಲ ತೋರಿಸಿ ನಕ್ಕರು.

ಇಷ್ಟೆಲ್ಲ ಕಲಿತ ಮೇಲೂ ನಾನು ಆ ತಪ್ಪು ಮಾಡಿದೆ. ತಿಳಿಯದೆ ಮಾಡಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಇಸ್ತ್ರಿ ಮಾಡಿದ ನೀಲಿ ಉಡುಪು, ಕೈಯಲ್ಲಿ ಪುಸ್ತಕದ ಚೀಲ. ಊರಿನ ಇನ್ನೊಂದು ಕೊನೆಯ ಕಸರಾನಿಯಲ್ಲಿ ಶಾಲಾ ಟೀಚರು. ಮಟಾಟು ಎನ್ನುವ ಬಾಡಿಗೆ ವ್ಯಾನು ಎರಡನ್ನು ಬದಲಿಸಿ ಬಂದಿದ್ದರು, ಇಲ್ಲಿನ ಕಾರೀಗರರು ಒಳ್ಳೆಯವರೆಂದು ಅವರ ಶಾಲೆಯಲ್ಲಿ ಯಾರೋ ಹೇಳಿದ್ದರಂತೆ. ಬೆರಳಿನಿಂದ ಉಂಗುರವನ್ನು ಸೋಪು ಹಚ್ಚಿದವರ ಹಾಗೆ ತಿರುಗಿಸಿ ತಿರುಗಿಸಿ ತೆಗೆದರು. ಮೇಲೆ ಪುಟ್ಟ ಕಲ್ಲೊಂದು, ಉಳಿದಂತೆ ಸಾದಾ ಬಿಳಿ ಉಂಗುರ. ಮಸುಕಾಗಿತ್ತು, ಗೀರುಗಳಾಗಿದ್ದವು.

"ನನ್ನ ಯಜಮಾನ್ರು ಕೊಟ್ಟಿದ್ದು. ಅವರು ಹೋಗಿ ಭಾನುವಾರಕ್ಕೆ ಒಂದು ವರ್ಷ. ಮನೇಲಿ ಪ್ರಾರ್ಥನೆ ಇಟ್ಕೊಂಡಿದೀವಿ. ಅಷ್ಟರೊಳಗೆ ಸ್ವಲ್ಪ ಹೊಳಪು ಬರೋ ಹಾಗೆ ಮಾಡಿಕೊಡಿ," ಎಂದರು.

ಕಾರ್ಯಾಗಾರಕ್ಕೆ ಕಳಿಸುವ ಚೀಟಿಯಲ್ಲಿ ಗುರುತು ಹಾಕಲು ಎರಡು ಮನೆಗಳಿದ್ದವು. ಒಂದು ಬರೀ ಪಾಲಿಶ್, ಇನ್ನೊಂದು ಪಾಲಿಶ್ ಮತ್ತು ರೋಡಿಯಂ. ಒಳಗಿನ ಮುದ್ರೆ ನೋಡಿದೆ, 750 ಎಂದಿತ್ತು, ಅಂದರೆ ಬಿಳಿ ಚಿನ್ನ. ರೋಡಿಯಂ ಹಾಕಿದರೆ ಖರ್ಚು ದುಪ್ಪಟ್ಟಾಗುತ್ತದೆ. ಅವರ ಚಪ್ಪಲಿ ನೋಡಿದೆ, ಪುಸ್ತಕದ ಚೀಲ ನೋಡಿದೆ, ಪಾಪ ಎನಿಸಿತು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಬರೀ ಪಾಲಿಶಿಗೆ ಗುರುತು ಹಾಕಿದೆ. ಹೊದಿಕೆ ಹೋಗಿ ಬಣ್ಣ ಬದಲಾಗುತ್ತದೆ ಎಂದು ಅವರಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದರು. ಹೇಳಲಿಲ್ಲ.

ಚೀಟಿ ನೋಡಿ ಮ್ಝೇ ಕಿಟಕಿಯಿಂದ ತಲೆ ಹಾಕಿದರು.

"ಬರೀ ಪಾಲಿಶ್ ಸಾಕಂತಾ? ಹಳದಿ ಆಗತ್ತೆ ಅಂತ ಹೇಳಿದ್ಯಾ?"

"ಹೇಳಿದೀನಿ," ಎಂದೆ.

ಬಾಯಿಗೆ ಅದೇ ಸುಲಭವಾಗಿ ಬಂತು, ಅಷ್ಟೇ.

ಶನಿವಾರ ಅಂಗಡಿ ತುಂಬ ಜನ. ಟೀಚರು ಬಂದರು, ನಾನು ಮಖಮಲ್ಲಿನ ಡಬ್ಬಿ ತೆರೆದು ಮುಂದಿಟ್ಟೆ. ಉಂಗುರ ನುಣುಪಾಗಿ ಥಳಥಳಿಸುತ್ತಿತ್ತು, ಆದರೆ ಬೆಣ್ಣೆಯ ಬಣ್ಣ. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ಇದಲ್ಲ. ನಂದು ಬಿಳೀದು."

"ಇದೇ ಮೇಡಂ. ಪಾಲಿಶ್ ಮಾಡಿದ್ಮೇಲೆ..."

"ನಂದರಲ್ಲಿ ಇಲ್ಲೊಂದು ಕಚ್ಚು ಇತ್ತು," ಎಂದು ತಮ್ಮ ಬೆರಳಿನ ಬುಡ ತೋರಿಸಿದರು. "ಅಡುಗೆ ಪಾತ್ರೆ ಅಂಚು ತಾಗಿ ಆಗಿದ್ದು. ಪಾಠ ಮಾಡ್ತಾ ಮಾಡ್ತಾ ಅದನ್ನ ಹೆಬ್ಬೆರಳಲ್ಲಿ ಸವರೋ ಅಭ್ಯಾಸ ನಂಗೆ. ಅದೆಲ್ಲಿ?"

ಕಚ್ಚು ಪಾಲಿಶಿನಲ್ಲಿ ಹೋಗಿತ್ತು. ಬಣ್ಣವೂ ಹೋಗಿತ್ತು. ಇದು ತನ್ನದೇ ಎಂದು ಗುರುತಿಸಲು ಅವರಿಗೆ ನಾನು ಏನನ್ನೂ ಉಳಿಸಿರಲಿಲ್ಲ.

ಅವರು ಕೂಗಾಡಲಿಲ್ಲ. ಕುರ್ಚಿ ಎಳೆದು ಕುಳಿತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ನನ್ನ ಯಜಮಾನ್ರ ಉಂಗುರ ಕೊಡಿ. ಇಸ್ಕೊಂಡು ಹೋಗ್ತೀನಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದರು. ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಬೆನ್ ನನ್ನ ಮುಖ ನೋಡಿದರು.

ಮ್ಝೇ ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಸ್ಟೂಲು ಎಳೆದು ಟೀಚರ ಎದುರಿಗೆ ಕುಳಿತರು.

"ಪೋಲೆ, ಟೀಚರ್," ಎಂದರು. ಕ್ಷಮಿಸಿ ಎನ್ನಲೂ, ನಿಮ್ಮ ದುಃಖ ನನ್ನದೂ ಎನ್ನಲೂ ಸ್ವಾಹಿಲಿಯಲ್ಲಿ ಅದೊಂದೇ ಮಾತು. "ಪಾಲಿಶ್ ಮಾಡಿದ್ದು ನಾನು. ತಪ್ಪು ನಂದು. ಒಂದು ಕೇಳ್ತೀನಿ, ಈ ಉಂಗುರಾನ ಒಂದು ಸಲ ದೊಡ್ಡದು ಮಾಡ್ಸಿದ್ರಿ ಅಲ್ವಾ?"

ಟೀಚರು ತಲೆಯೆತ್ತಿದರು. "ನಿಮಗ್ಯಾರು ಹೇಳಿದ್ರು?"

ಮ್ಝೇ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು, ಉಂಗುರವನ್ನು ದೀಪದ ಕೆಳಗೆ ಹಿಡಿದರು. "ನೋಡಿ, ಇಲ್ಲಿ ಎರಡು ಗೆರೆ. ಮಧ್ಯ ಅಕ್ಕಿಕಾಳಿನಷ್ಟು ತುಂಡು ಸೇರಿಸಿದಾರೆ. ಆ ತುಂಡು ಬೂದು ಬಣ್ಣ, ಉಳಿದಿದ್ದು ಹಳದಿ. ಎರಡೂ ಬಿಳಿ ಚಿನ್ನಾನೇ, ಆದ್ರೆ ಬೇರೆ ಬೇರೆ ಕಡೆ ಕರಗಿಸಿ ಬೆರೆಸಿದ್ದು. ಮೇಲಿನ ಹೊದಿಕೆ ದಪ್ಪಗೆ ಹಾಕಿದ್ರು, ಅದಿದ್ದಾಗ ಕಾಣ್ತಿರ್ಲಿಲ್ಲ, ನಾನು ಉಜ್ಜಿದ್ಮೇಲೆ ಕಾಣ್ತು. ಈಗ ಕಲ್ಲಿನ ಅಡಿ ನೋಡಿ. ಅಲ್ಲಿಗೆ ನನ್ನ ಬ್ರಷ್ ಹೋಗಲ್ಲ. ಅಲ್ಲಿ ನಿಮ್ಮ ಬಿಳೀ ಬಣ್ಣ ಹಾಗೇ ಇದೆ."

ಟೀಚರು ಬಹಳ ಹೊತ್ತು ನೋಡಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

"ತಂದಾಗ ಚಿಕ್ಕದಾಗಿತ್ತು," ಎಂದರು ಕೊನೆಗೆ. "ನಾನು ಮಲಗಿದ್ದಾಗ ದಾರ ಸುತ್ತಿ ಅಳತೆ ತಗೊಂಡಿದ್ರಂತೆ. ಕಿರುಬೆರಳಿಗೂ ಹೋಗ್ಲಿಲ್ಲ. ಮರುದಿನ ತಗೊಂಡ್ಹೋಗಿ ದೊಡ್ಡದು ಮಾಡ್ಸಿದ್ರು." ಹೀಗೆನ್ನುತ್ತಾ ಉಂಗುರವನ್ನು ಮೊದಲ ಸಲ ಕೈಗೆತ್ತಿಕೊಂಡರು. ಆಮೇಲೆ ಹಣೆ ಗಂಟು ಹಾಕಿ, "ನೀವು ಏನಂದ್ರಿ? ಬಿಳಿ ಚಿನ್ನ ಅಂದ್ರಾ?" ಎಂದು ಕೇಳಿದರು.

"ಹೌದು. ಚಿನ್ನ."

"ಬೆಳ್ಳಿ ಅಲ್ವಾ?"

"ಬೆಳ್ಳಿ ಅಲ್ಲ ಟೀಚರ್. ನಾಲ್ಕರಲ್ಲಿ ಮೂರು ಪಾಲು ಚಿನ್ನ. ಈಗ ಕಾಣ್ತಿದೆಯಲ್ಲ ಹಳದಿ, ಅದೇ ಅದು."

ಅವರ ಮುಖದಲ್ಲಿ ಆಗ ಆದದ್ದನ್ನು ನಾನು ಹತ್ತಿರದಿಂದ ನೋಡಿದೆ. ತುಟಿ ನಗಲು ಹೋಯಿತು, ಕಣ್ಣು ಕೇಳಲಿಲ್ಲ. ಕೈವಸ್ತ್ರ ತೆಗೆದುಕೊಂಡರು. ಅಂಗಡಿ ತುಂಬ ಜನರಿದ್ದಾರೆಂಬುದನ್ನು ಮರೆತು, ಮ್ಝೇಯೊಬ್ಬರಿಗೇ ಹೇಳುವ ಹಾಗೆ ಹೇಳತೊಡಗಿದರು.

ಅವರ ಗಂಡ ಕ್ರೀಡಾಂಗಣದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದವರು. ಮದುವೆಯಲ್ಲಿ ಉಂಗುರ ಕೊಡಲು ಆಗಿರಲಿಲ್ಲ. ಇಪ್ಪತ್ತು ವರ್ಷ ತುಂಬಿದ ದಿನ ಇದನ್ನು ತಂದು, ಚಿನ್ನ ಕಣೇ, ಬಿಳಿ ಚಿನ್ನ ಎಂದರಂತೆ. ಚಿನ್ನ ಎಲ್ಲಾದರೂ ಬಿಳಿ ಇರುತ್ತದೆಯೇ? ಬೆಳ್ಳಿ ತಂದು, ನನ್ನ ಮನಸ್ಸು ನೋಯದಿರಲೆಂದು ಚಿನ್ನ ಅನ್ನುತ್ತಿದ್ದಾರೆ ಎಂದು ಇವರು ತಿಳಿದರು. ಮರು ಮಾತಾಡದೆ ಹಾಕಿಕೊಂಡರು.

"ಹನ್ನೊಂದು ವರ್ಷ ಹಾಕ್ಕೊಂಡಿದ್ದೆ. ಹನ್ನೊಂದು ವರ್ಷವೂ ಅವರನ್ನ ನಂಬಲಿಲ್ಲ ನಾನು," ಎಂದರು. "ಒಂದ್ಸಲ ಜಗಳದಲ್ಲಿ ಅಂದೂಬಿಟ್ಟೆ. ಬೆಳ್ಳಿ ಕೊಟ್ಟು ಚಿನ್ನ ಅಂದೋರು ನೀವು, ನಿಮ್ಮ ಮಾತೇನು ಕೇಳೋದು ಅಂತ. ಅವರು ಎದ್ದು ಹೊರಗೆ ಹೋಗಿ ಅಂಗಳದ ಹುಲ್ಲಿಗೆ ನೀರು ಬಿಡ್ತಾ ನಿಂತ್ಕೊಂಡ್ರು."

ಬೆನ್ ಎದ್ದು ಹೋಗಿ ಬೀರು ತೆಗೆದು ರೋಡಿಯಂ ಬಾಟಲಿಯನ್ನು ತಂದು ಮ್ಝೇ ಕೈಗೆ ಕೊಟ್ಟರು.

"ನಿಮಗೆ ಹೇಗೆ ಬೇಕು ಟೀಚರ್? ಹೀಗೇ ಬಿಡ್ಲಾ, ಬಿಳಿ ಮಾಡ್ಲಾ?" ಎಂದು ಮ್ಝೇ ಕೇಳಿದರು.

"ಅವರು ಕೊಟ್ಟ ಹಾಗೇ ಮಾಡಿಕೊಡಿ. ನಾನೂ ನೋಡ್ತೀನಿ."

ಗಿರಾಕಿಯನ್ನು ಕಾರ್ಯಾಗಾರದ ಒಳಗೆ ಬಿಡುವ ಪದ್ಧತಿ ಇರಲಿಲ್ಲ. ಅಂದು ಟೀಚರು ಕಿಟಕಿಯ ಆಚೆಗೆ ಬಂದು ನನ್ನ ಚಹಾದ ಸ್ಟೂಲಿನ ಮೇಲೆ ಕುಳಿತರು. ಮ್ಝೇ ಉಂಗುರವನ್ನು ತೊಳೆದರು, ಇನ್ನೊಂದು ಪಾತ್ರೆಯಲ್ಲಿ ಮತ್ತೆ ತೊಳೆದರು, ತಾಮ್ರದ ತಂತಿಗೆ ನೇತುಹಾಕಿ ಜೇನುಬಣ್ಣದ ನೀರಿನಲ್ಲಿ ಇಳಿಬಿಟ್ಟರು. ಸ್ವಿಚ್ಚು ಹಾಕಿ ಮೆಲ್ಲನೆ ಅಲ್ಲಾಡಿಸಿದರು. ಒಂದು ಸಣ್ಣ ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು, ಅಷ್ಟೇ. ತೆಗೆದಾಗ ಅದು ಟೀಚರು ಬೆರಳಿನಿಂದ ಬಿಚ್ಚಿಕೊಟ್ಟಿದ್ದಕ್ಕಿಂತಲೂ ಬಿಳಿಯಾಗಿತ್ತು. ಒರೆಸಿ ಅವರ ಬೆರಳಿಗೆ ತಾವೇ ತೊಡಿಸದೆ, ಅಂಗೈಯಲ್ಲಿಟ್ಟರು.

ನನಗೆ ಇನ್ನು ತಡೆಯಲಾಗಲಿಲ್ಲ.

"ಟೀಚರ್, ಪಾಲಿಶ್ ಮಾಡಿದ್ರೆ ಬಣ್ಣ ಹೋಗತ್ತೆ ಅಂತ ನಾನು ನಿಮಗೆ ಹೇಳ್ಬೇಕಿತ್ತು. ಹೇಳಲಿಲ್ಲ. ಹೇಳಿದೀನಿ ಅಂತ ಮ್ಝೇಗೆ ಸುಳ್ಳು ಹೇಳ್ದೆ. ತಪ್ಪು ಅವರದಲ್ಲ."

ಮ್ಝೇ ನನ್ನತ್ತ ತಿರುಗಲಿಲ್ಲ. ಟೀಚರು ಶಾಲೆಯ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಹೇಳಿದ್ದಿದ್ರೆ ನಾನು ಬಿಳಿ ಮಾಡಿಸ್ಕೊಂಡು ಸುಮ್ನೆ ಮನೆಗೆ ಹೋಗ್ತಿದ್ದೆ. ಗೊತ್ತೇ ಆಗ್ತಿರ್ಲಿಲ್ಲ," ಎಂದರು. ಹೆಬ್ಬೆರಳಿನಿಂದ ಉಂಗುರದ ಹಿಂಭಾಗ ಸವರಿದರು. "ಆದ್ರೆ ಆ ಕಚ್ಚು ನಂದಾಗಿತ್ತು."

"ಅದು ಮತ್ತೆ ಬರಲ್ಲ ಟೀಚರ್. ಪೋಲೆ," ಎಂದರು ಮ್ಝೇ.

ಸಂಜೆ ಬಾಗಿಲು ಹಾಕುವಾಗ ಬೆನ್ ನನ್ನನ್ನು ಕರೆದರು. ಬೈಯುತ್ತಾರೆಂದುಕೊಂಡಿದ್ದೆ. "ಗಿರಾಕಿಗೆ ಹೇಳೋದು ಮರೆಯತ್ತೆ, ಆಗತ್ತೆ. ಆದ್ರೆ ಕಾರೀಗರನಿಗೆ ಸುಳ್ಳು ಹೇಳ್ಬಾರ್ದು. ಅವನು ನಮ್ಮ ಮಾತು ನಂಬಿ ಲೋಹಕ್ಕೆ ಕೈ ಹಾಕ್ತಾನೆ," ಎಂದಷ್ಟೇ ಹೇಳಿದರು. ಬೈದಿದ್ದರೆ ಮೇಲಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಗುಣಮಟ್ಟದ ಮನುಷ್ಯ. "ನಮ್ಮ ಫ್ಯಾಕ್ಟರೀಲಿ ಹೀಗೆ ಮಾಡಿದ್ರೆ ಇಡೀ ಬ್ಯಾಚ್ ಎಸೀತಿದ್ವಿ ಕಣೇ," ಎಂದರು.

"ನನ್ನೂ ಎಸೀರಿ ಹಾಗಾದ್ರೆ," ಎಂದೆ.

ಮಗಳು ಹೋಂವರ್ಕಿನಿಂದ ತಲೆಯೆತ್ತದೆ, "ಜಸ್ಟ್ ಸೇ ಸಾರಿ, ಅಮ್ಮಾ," ಎಂದಳು. ಸಾರಿ ಹೇಳಿಯಾಗಿತ್ತು. ಆದರೂ ಮುಂದಿನ ಮೂರು ದಿನ ಮ್ಝೇ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಹತ್ತೂವರೆಗೆ ನಾನು ಕೌಂಟರಿನಲ್ಲೇ ನಿಂತು ಫ್ಲಾಸ್ಕಿನ ಕಾಫಿ ಕುಡಿದೆ. ನಾಲ್ಕನೆಯ ದಿನ ಕಿಟಕಿಯಿಂದ ಒಂದು ಮಂದಾಜಿ ಸುತ್ತಿದ ಕಾಗದ ಬಂತು. "ದಾದಾ, ಆರಿಹೋಗತ್ತೆ," ಎಂಬ ದನಿಯೂ ಬಂತು. ನಾನು ಎದ್ದು ಒಳಗೆ ಹೋದೆ. ಆ ವಿಷಯವನ್ನು ಅವರು ಆಮೇಲೆ ಯಾವತ್ತೂ ಎತ್ತಲಿಲ್ಲ.

ಇದಕ್ಕೆಲ್ಲ ಮೊದಲು, ಆ ಶನಿವಾರದ ಮರುದಿನ ಭಾನುವಾರದ ಮಾತು ಹೇಳಬೇಕು. ಟೀಚರು ಅಂಗಡಿಯಿಂದ ಹೊರಡುವಾಗ ನಮ್ಮನ್ನೂ ಪ್ರಾರ್ಥನೆಗೆ ಕರೆದಿದ್ದರು. ಬಾಯಿಮಾತಿಗೆ ಕರೆದಿರಬಹುದೆಂದು ನಾನು ಹಿಂಜರಿದೆ. ಗಂಡ, "ಕರೆದ ಮೇಲೆ ಹೋಗ್ಬೇಕು," ಎಂದು ಕಾರು ತೆಗೆದರು. ಕಸರಾನಿಯಲ್ಲಿ ಅವರದು ಎರಡು ಕೋಣೆಯ ಮನೆ, ಮುಂದೆ ಚಾಪೆ ಹಾಸುವಷ್ಟೇ ಅಂಗಳ, ಅದರ ತುಂಬ ಒತ್ತಾಗಿ ಬೆಳೆದ ಹುಲ್ಲು. ಪ್ಲಾಸ್ಟಿಕ್ ಕುರ್ಚಿಗಳನ್ನು ಹುಲ್ಲಿನ ಮೇಲೆ ಇಡದೆ ಸುತ್ತಲೂ ಇಟ್ಟಿದ್ದರು. ನಾವು ಮಾಂಸ ತಿನ್ನುವುದಿಲ್ಲವೆಂದು ಯಾರೂ ಹೇಳಿರಲಿಲ್ಲ, ಆದರೂ ನಮಗಾಗಿ ಬೇರೆ ಪಾತ್ರೆಯಲ್ಲಿ ರಾಜ್ಮಾ ಕಾಳು ಮತ್ತು ಸೊಪ್ಪು ಮಾಡಿಟ್ಟಿದ್ದರು. ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು ನನ್ನ ಗಂಡ ಥೇಟ್ ರಾಗಿಮುದ್ದೆಯ ಹಾಗೆ ನುಂಗಿದ್ದನ್ನು ಕಂಡು ಅಲ್ಲಿದ್ದವರೆಲ್ಲ ನಕ್ಕರು.

ಪ್ರಾರ್ಥನೆ ಮುಗಿದ ಮೇಲೆ ಟೀಚರು ಎದ್ದು ನಿಂತರು. ಗಂಡನ ಬಗ್ಗೆ ಅಳುತ್ತಾ ಮಾತಾಡುತ್ತಾರೆಂದು ನಾನು ತಿಳಿದಿದ್ದೆ. ಅವರು ಕೈ ಮೇಲೆತ್ತಿ ಉಂಗುರ ತೋರಿಸಿದರು. "ಇದು ಬೆಳ್ಳಿ ಅಂತ ನಿಮಗೆಲ್ಲ ಹೇಳಿದ್ದೆ. ಇದು ಚಿನ್ನ. ಅವರು ಹೇಳಿದ್ದೇ ನಿಜ. ಅವರ ತಮ್ಮ ಇಲ್ಲಿದ್ದಾನೆ, ಅವನ ಮುಂದೆ ಹೇಳ್ತಿದೀನಿ," ಎಂದು ಕುಳಿತರು. ಗಂಡನ ತಮ್ಮ ನೆಲ ನೋಡುತ್ತಾ, "ನನಗೆ ಗೊತ್ತಿತ್ತು ಅತ್ತಿಗೆ. ನಾನೂ ಜೊತೆಗೆ ಹೋಗಿದ್ದೆ. ನೀವು ಕೇಳೋವರೆಗೂ ಹೇಳ್ಬೇಡ ಅಂತ ಅಣ್ಣ ಅಂದಿದ್ದ," ಎಂದ. ಟೀಚರು ಅವನ ಬೆನ್ನಿಗೊಂದು ಗುದ್ದು ಕೊಟ್ಟರು. ಜನ ನಕ್ಕರು, ಅವರೂ ನಕ್ಕರು, ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅದಾದ ಮೇಲೆ ಟೀಚರು ಎರಡು ಮೂರು ವರ್ಷಕ್ಕೊಮ್ಮೆ ಉಂಗುರವನ್ನು ಬಿಳಿ ಮಾಡಿಸಲು ಬರುತ್ತಿದ್ದರು. ಬಂದಾಗ ಮಗಳ ಮಾರ್ಕ್ಸು ಕೇಳುತ್ತಿದ್ದರು, ನನ್ನ ಸ್ವಾಹಿಲಿಯ ವ್ಯಾಕರಣ ತಿದ್ದುತ್ತಿದ್ದರು. ನಿವೃತ್ತಿಯಾಗಿ ಊರಿಗೆ ಹೋದ ಮೇಲೆ ಕ್ರಿಸ್ಮಸ್ಸಿಗೆ ಒಂದು ಸಂದೇಶ ಬರುತ್ತದೆ. ಬೆರಳಿನ ಗಂಟು ಊದಿಕೊಂಡು ಉಂಗುರ ಹಾಕಲು ಆಗುತ್ತಿಲ್ಲ, ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೇನೆ ಎಂದು ಹೋದ ವರ್ಷ ಬರೆದಿದ್ದರು. ಅದು ಈಗ ಯಾವ ಬಣ್ಣಕ್ಕಿದೆಯೋ ನಾನು ಕೇಳಲಿಲ್ಲ.

ಮ್ಝೇಯೂ ಸರೋವರದ ಕಡೆಯ ತಮ್ಮ ಊರಿಗೆ ಹೊರಟುಹೋದರು. ಈಗ ಅಂಗಡಿಯಲ್ಲಿ ಒಂದು ಯಂತ್ರವಿದೆ. ಒಡವೆಯನ್ನು ಒಳಗಿಟ್ಟು ಮುಚ್ಚಿದರೆ, ಇಷ್ಟು ಚಿನ್ನ, ಇಷ್ಟು ಪಲ್ಲಾಡಿಯಂ, ಇಷ್ಟು ನಿಕ್ಕಲ್ ಎಂದು ಪರದೆಯ ಮೇಲೆ ಬರುತ್ತದೆ. ಒಳ್ಳೆಯ ಯಂತ್ರ, ತಪ್ಪುವುದಿಲ್ಲ. ಬೆನ್ ಅವರ ಮಗ ಅದನ್ನು ನೋಡಿಕೊಳ್ಳುತ್ತಾನೆ. ಬಿಳಿ ಒಡವೆ ಕೊಳ್ಳಲು ಬರುವ ಹುಡುಗಿಯರು ಫೋನಿನಲ್ಲಿ ಎಲ್ಲ ಓದಿಕೊಂಡೇ ಬಂದಿರುತ್ತಾರೆ, ನನಗೇ ಹೇಳಿಕೊಡುತ್ತಾರೆ.

ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ಗೊತ್ತಾದಾಗ ನಾವು ಹತ್ತಿರದ ಮಾಲಿಗೆ ಬಂದೆವು. ಬರುವ ಮೊದಲು ಕಾರ್ಯಾಗಾರದ ಮರದ ನೆಲವನ್ನು ಕಿತ್ತರು. ಚಿನ್ನದ ಕೆಲಸ ನಡೆದ ನೆಲವನ್ನು ಯಾರೂ ಬಿಟ್ಟುಹೋಗುವುದಿಲ್ಲ. ಅರದ ಪುಡಿ ಹಲಗೆಗಳ ಸಂದಿಯಲ್ಲಿ ವರ್ಷಗಟ್ಟಲೆ ಇಳಿದಿರುತ್ತದೆ. ಹಲಗೆ ಸುಟ್ಟು, ಬೂದಿ ಜರಡಿ ಹಿಡಿದು, ಲೋಹ ತೆಗೆಯುತ್ತಾರೆ. ಮೈಸೂರಿನಲ್ಲಿ ಚಿನಿವಾರರ ಅಂಗಡಿಗಳ ಮುಂದಿನ ಚರಂಡಿ ಮಣ್ಣನ್ನು ಜಲಗಾರರು ಬಾಣಲೆಯಲ್ಲಿ ಜಾಲಾಡುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ನೆಲ ಕೀಳುವ ದಿನ ಬೆನ್ ಬಸ್ ಟಿಕೆಟ್ ಕಳಿಸಿ ಮ್ಝೇಯನ್ನು ಕರೆಸಿದರು. ಅವರು ಸೂಟು ಹಾಕಿಕೊಂಡು ಬಂದಿದ್ದರು. ಹಲಗೆ ಕೀಳುವವರಿಗೆ, ಮೆಲ್ಲಗೆ, ಮೆಲ್ಲಗೆ, ಗುಡಿಸಬೇಡಿ, ಎಂದು ಇಡೀ ಬೆಳಿಗ್ಗೆ ಹೇಳುತ್ತಲೇ ಇದ್ದರು.

ಕೆಲಸ ಮುಗಿದ ಮೇಲೆ ಹಲಗೆಗಳನ್ನು ಟಾರ್ಪಾಲಿನಲ್ಲಿ ಕಟ್ಟಿ ಪಿಕಪ್ಪಿಗೆ ಹೇರಿದರು. ನಾವು ಮೂವರೂ ಫುಟ್‌ಪಾತಿನ ಮೇಲೆ ಕುರ್ಚಿ ಹಾಕಿಕೊಂಡು ಚಹಾ ಕುಡಿದೆವು.

"ಇದರಿಂದ ಏನೇನು ಬರತ್ತೆ ಮ್ಝೇ?" ಎಂದು ಕೇಳಿದೆ.

"ಚಿನ್ನ ಬರತ್ತೆ. ಚಾಂದಿ ಬರತ್ತೆ. ಪ್ಲಾಟಿನಂ ಸ್ವಲ್ಪ," ಎಂದು ಸೂಟಿನ ತೋಳಿನ ಧೂಳನ್ನು ಬೆರಳಿಂದ ಎತ್ತಿ ನೋಡಿದರು. "ಹತ್ತಿರ ಹತ್ತಿರ ಐವತ್ತು ವರ್ಷದ್ದು."

ಪಿಕಪ್ಪು ಟ್ರಾಫಿಕ್ಕಿನಲ್ಲಿ ಸೇರಿಕೊಳ್ಳುವವರೆಗೂ ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ತೋಳಿನ ಆ ಧೂಳನ್ನು ಕೊಡವದೆ, ಇನ್ನೊಂದು ಲೋಟ ಚಹಾ ಕೇಳಿದರು.